ಮನೆತನದ ಗ್ಯಾಸ್ಟ್ರಿಕ್

ರಾಜಾಜಿನಗರದ ಹೃದ್ರೋಗ ಕ್ಲಿನಿಕ್ಕಿನಲ್ಲಿ ಕುಸುಮಾ ತುಂಬಿದ ಫಾರಂ ಹಿಡಿದು ತನ್ನ ಸರದಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಮೂವತ್ತೈದರ ಒಬ್ಬ ಮಗ, ಹಣೆಗೆ ವಿಭೂತಿ ಹಚ್ಚಿದ ಅವನ ತಾಯಿ. ಅವನ ತೊಡೆಯ ಮೇಲೂ ಅದೇ ಫಾರಂ.

"ಅಮ್ಮಾ, ವಂಶದಲ್ಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಹಾರ್ಟ್ ಪ್ರಾಬ್ಲಮ್ ಇತ್ತಾ ಅಂತ ಕೇಳಿದಾರೆ."

"ಇಲ್ಲ ಅಂತ ಬರಿ."

"ಅಪ್ಪಾಜಿ ನಲವತ್ತೆರಡಕ್ಕೇ ಹೋದ್ರಲ್ಲ?"

"ಅದು ಗ್ಯಾಸ್ಟ್ರಿಕ್ ಕಣೋ. ನಿನ್ನ ತಂಗಿಗೆ ನೋಡಿರೋ ಹುಡುಗನ ಕಡೆಯವರಿಗೂ ಹಾಗೇ ಹೇಳಿದೀವಿ."

"ದೊಡ್ಡಪ್ಪ?"

"ಅವರದೂ ಗ್ಯಾಸ್ಟ್ರಿಕ್ಕೇ. ಅನಘಾ ಮದುವೆ ಮುಗೀಲಿ, ಆಮೇಲೆ ಏನು ಬೇಕಾದ್ರೂ ಬರ್ಕೋ."

"ಡಾಕ್ಟ್ರೇನು ಹೋಗಿ ಅವರಿಗೆ ಹೇಳ್ತಾರಾ?"

"ಹುಡುಗನ ಮನೆ ಇರೋದು ಇಲ್ಲೇ ಪಕ್ಕದ ಬಸವೇಶ್ವರನಗರದಲ್ಲಿ. ಯಾರು ಯಾರಿಗೆ ನೆಂಟರೋ ಯಾರಿಗ್ಗೊತ್ತು! ಸಿಗರೇಟಿಗೂ ಇಲ್ಲ ಅಂತ ಹಾಕು."

"ದಿನಕ್ಕೆ ಹತ್ತು ಸೇದ್ತೀನಮ್ಮ."

"ನಮ್ಮನೇಲಿ ಯಾರೂ ಸೇದಲ್ಲ. ಅದನ್ನೂ ಹೇಳಿಬಿಟ್ಟಿದೀವಿ."

ಮಗ ಎದೆ ಉಜ್ಜಿಕೊಂಡ. "ಹಾಗಾದ್ರೆ ಈ ನೋವು ಏನಮ್ಮ?"

ತಾಯಿ ಸುತ್ತ ಒಮ್ಮೆ ನೋಡಿದರು. "ಮೆಲ್ಲಗೆ ಮಾತಾಡು."

ನರ್ಸ್ ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು.

ಕುಸುಮಾ ತನ್ನ ಫಾರಂ ನೋಡಿಕೊಂಡಳು. ತಂದೆಯ ಸಾವಿಗೆ ಕಾರಣ ಎಂಬಲ್ಲಿ, ಮೂವರು ಅಕ್ಕಂದಿರ ಮದುವೆ ಮಾತುಕತೆಯಲ್ಲೂ ಅಮ್ಮನ ಬಾಯಲ್ಲಿ ಕೇಳಿದ್ದ ಗ್ಯಾಸ್ಟ್ರಿಕ್ಕನ್ನೇ ಅವಳು ದುಂಡಗೆ ಬರೆದಿದ್ದಳು. ಅಪ್ಪ ಹೋದಾಗ ಅವರಿಗೆ ನಲವತ್ತನಾಲ್ಕು.

ಅವಳು ಕೌಂಟರಿಗೆ ಹೋಗಿ ನಿಂತಳು. "ಇನ್ನೊಂದು ಫಾರಂ ಕೊಡ್ತೀರಾ ಮೇಡಂ? ಇದ್ರಲ್ಲಿ ಅಮ್ಮ ಹೇಳಿದ್ದನ್ನ ಬರೆದುಬಿಟ್ಟಿದೀನಿ."