ಪಂಚಮಿಯಿಂದ ದೀಪಾವಳಿತನಕ

ಅಲ್ಲಬೇ, ಆ ಫೋಟೋದಾಗಿರೋದು ಪೊಲೀಸ್ ಟೊಪ್ಪಿಗಿ ಅಲ್ಲ, ಇಮಾನದ ಪಲ್ಟನ್ನಿಂದು ಅದು. ಅಂವ ನಮ್ಮ ಕಾಕಾ, ಈರಪ್ಪ, ನಮ್ಮಪ್ಪನ ಸ್ವಂತ ತಮ್ಮ. ಇದ ಬನಹಟ್ಟ್ಯಾಗ, ಇದ ಮನ್ಯಾಗ, ಕುಣಿಮಗ್ಗದಾಗ ಕಾಲ ಇಳಿಬಿಟ್ಟು ಸೀರಿ ನೇಯ್ತಿದ್ದಾಂವ. ನಾಕ ಅಕ್ಷರ ಇಂಗ್ಲೀಷ್ ಕಲ್ತಿದ್ದ, ಅದ ಮುಳುವಾತು. ಮಹಾಯುದ್ಧ ನಡದಿತ್ತು ನೋಡ್ರಿ, ನೂಲು ತರತೇನಿ ಅಂತ ಜಮಖಂಡಿಗೆ ಹೋದಾಂವ ಪಲ್ಟನ್ನಿಗೆ ಹೆಸರು ಬರಸಿ ಬಂದ. ಅಪ್ಪಗ ಸಿಟ್ಟು ಅಂದ್ರ ಸಿಟ್ಟು. ಮಗ್ಗದ ಹಲಗಿ ಎಳಕೊಂಡು ಬಾಯಿಗೆ ಹೊಡದ, ಕಾಕಾನ ತುಟಿ ಸೀಳಿ ಅಂಗಿ ಎಲ್ಲಾ ರಕ್ತ ಆತು. ಕಾಕಾ ಉಗುಳಿ, ಒರಸ್ಕೊಂಡು, 'ಅಣ್ಣಾ, ತಿರುಗಿ ಬಂದ ಮ್ಯಾಲ ಇನ್ನೊಂದು ಹೊಡಿಯುವಂತಿ ತಗೋ' ಅಂತ ನಕ್ಕೋತ ಹ್ವಾದ. ನಾನು ಆವಾಗ ಐದು ವರ್ಷದಾಕಿ. ಅಲ್ಲ, ಆರು ನಡದಿತ್ತು. ಬಾಂಬ್ ಹಾಕೋ ಇಮಾನ ಅಂತ, ಇಬ್ಬರ ಕುಂಡ್ರೋದು. ಮುಂದಿನಾಂವ ನಡಸತಾನ, ಹಿಂದಿನಾಂವ ಬಾಲದ ಕಡೆ ಮುಖಾ ಮಾಡಿ ಮಷಿನ್‌ಗನ್ ಹಿಡಕೊಂಡು ಕುಂಡ್ರತಾನ. ಕಾಕಾ ಹಿಂದಿನಾಂವ. ಬರ್ಮಾಕ್ಕ ಕಳಿಸಿದ್ರು.

ಮನ್ಯಾಗ ಕಾಕಿ ಇದ್ಲು, ಗಂಗವ್ವ, ಬೀಳಗಿ ಕಡ್ಯಾಕಿ, ಹದಿನಾರೋ ಹದಿನೇಳೋ ವಯಸ್ಸು. ಶ್ರಾವಣ ಹತ್ತಿತ್ತು, ಪಂಚಮಿ ನಾಕ ದಿನ ಇತ್ತು, ಜೋಕಾಲಿ ಕಟ್ಟಾಕ ಹಗ್ಗ ತಂದಿದ್ರು, ಅಷ್ಟರಾಗ ತಾರ ಬಂತು. ಸಾಲಿ ಮಾಸ್ತರ್ರು ಓದಿದ್ರು, 'ಇಮಾನ ತಿರುಗಿ ಬಂದಿಲ್ಲ, ಮನಷ್ಯಾ ಕಾಣಿ ಆಗ್ಯಾನ' ಅಂತ. ಕಾಣಿ ಆಗೋದು ಬ್ಯಾರೆ, ಸಾಯೋದು ಬ್ಯಾರೆ, ಹೌದಲ್ಲ? ಕಾಕಿ ಅದ ಅಂದ್ಲು. 'ಅಂವ ಅದಾನ, ನನಗ ಗೊತ್ತಾಗತೈತಿ' ಅಂದ್ಲು. ಅಪ್ಪ ಅಂದ, 'ಅಷ್ಟು ಮ್ಯಾಲಿಂದ ಬಿದ್ದಾಂವ ಉಳಿತಾನೇನು, ಹುಚ್ಚಿ? ಹಬ್ಬದ ದಿನ ರಂಡಮುಂಡಿ ಬಳಿ ತೊಟ್ಟು ಓಣ್ಯಾಗ ತಿರಗಿದ್ರ ಮಂದಿ ನನ್ನ ಮಾರಿಗೆ ಉಗುಳತಾರ.' ಅಂದವನ ಆಕಿ ಕೊಳ್ಳಾಗಿನ ತಾಳಿ ಕಿತ್ತ. ಮಗ್ಗದ ಕುಣಿ ದಂಡಿಗೆ ಆಕಿ ಕೈ ಇಟ್ಟು, ಖಾರಾ ಅರಿಯೋ ಗುಂಡಕಲ್ಲು ತಗೊಂಡು ಬಳಿ ಮ್ಯಾಲ ಜಜ್ಜಿದ. ಗಾಜು ಮಣಿಕಟ್ಟಿನಾಗ ಹೊಕ್ಕವು. ಕಾಕಿ ಅವನ ಕೈ ಕಚ್ಚಿದ್ಲು, ಅಂವ ಜಡಿ ಹಿಡದು ಗ್ವಾಡಿಗೆ ಬಡದ. ನಮ್ಮವ್ವ ಬಾಯಿಗೆ ಸೆರಗ ಒತ್ತಿಕೊಂಡು ನಿಂತಿದ್ಲು. ಹದಿಮೂರನೇ ದಿನಕ್ಕ ತಿಥಿನೂ ಮಾಡಿ ಮುಗಿಸಿದ ನಮ್ಮಪ್ಪ.

ಖರೆ ಕಾಕಿ ಬಿಡಲಿಲ್ಲ. 'ತಾಳಿ ಕಟ್ಟಾಕ ಗಂಡ ಬೇಕು, ಬಳಿ ತೊಡಾಕ ಬಳಿಗಾರ ಸಾಕು' ಅಂತ ಹಿತ್ತಲ ಬಾಗಿಲಿಗೆ ಬಳಿಗಾರನ್ನ ಕರಸಿ ಹಸರ ಬಳಿ ತೊಟ್ಲು. ಅಪ್ಪ ನೋಡಿ ಮತ್ತ ಒಡದ. ಆಮ್ಯಾಲ ಆಕಿ ಹಾಕ್ಕೊಳ್ಳಾಕತ್ತಿದ್ಲು, ಕಾಣಲಾರದಂಗ, ದನದ ಕೊಟಗ್ಯಾಗ ಒಬ್ಬಾಕಿ ಇದ್ದಾಗಷ್ಟ. ಹೊಟ್ಟಿನ ಚೀಲದಾಗ ಮುಚ್ಚಿ ಇಡತಿದ್ಲು. ಅದು ಗೊತ್ತಿದ್ದದ್ದು ನನಗೊಬ್ಬಾಕಿಗೆ. ಈಗ ಕೇಳ್ರಿ, ಇದನ್ನ ನಾನು ನಿಮ್ಮ ಮುತ್ಯಾಗೂ ಹೇಳಿಲ್ಲ. ಅಪ್ಪ ನನ್ನ ತೊಡಿಮ್ಯಾಲ ಕುಂಡ್ರಿಸಿಕೊಂಡ, ಕೈಯಾಗ ಶೇಂಗಾ ಉಂಡಿ ಇಟ್ಟ, 'ಕಾಕಿ ಬಳಿ ಎಲ್ಲಿಟ್ಟಾಳವ್ವಾ?' ಅಂತ ಛಲೋ ದನಿಲೆ ಕೇಳಿದ. ನಾನು ಬೊಟ್ಟು ಮಾಡಿ ತೋರಿಸಿದೆ. ಆಕಿನ್ನ ಕೊಟಗ್ಯಾಗಿಂದ ಕಾಲು ಹಿಡದು ಮಗ್ಗದ ಕುಣಿತನಕ ಎಳದು ತಂದ, ಕಲ್ಲಿನ ಮ್ಯಾಲ ಆಕಿ ಬೆನ್ನು ತರಚಿ ಸಪ್ಪಳಾ ಬರತಿತ್ತು. ನಾನು ಅಲ್ಲೇ ನಿಂತು ಉಂಡಿ ತಿಂದೆ. ಪೂರ್ತಿ ತಿಂದೆ. ಈಗೂ ಪಂಚಮಿಗೆ ನಾನು ಶೇಂಗಾ ಉಂಡಿ ಮುಟ್ಟೂದಿಲ್ಲ, ನೀವು ಹಲ್ಲಿಲ್ಲ ಅದಕ್ಕ ಅಂತ ನಗತೀರಿ. ಆವತ್ತು ಆಕಿ ಕೈಗೆ ಮಗ್ಗದ ಲಾಳಿ ಸಿಕ್ತು, ಎರಡೂ ತುದಿಗೆ ಕಬ್ಬಿಣದ ಮೊನಿ ಇರತೈತಲ್ಲ, ಅದನ್ನ ಅಪ್ಪನ ಹುಬ್ಬಿನ ಮ್ಯಾಲ ಇಳಿಸಿದ್ಲು. ಹೊಲಿಗಿ ಹಾಕಸಬೇಕಾತು. ಆಮ್ಯಾಲ ಅಂವ ಆಕಿ ಮೈ ಮುಟ್ಟಲಿಲ್ಲ. ಆಕಿ ಬಳಿ ತಗೀಲಿಲ್ಲ. ಓಣಿ ಹೆಣ್ಣಮಕ್ಕಳು ಎದುರು ಬಂದ್ರ ಮಾರಿ ತಿರುವತಿದ್ರು, ಉಡಿ ತುಂಬಾಕ ಯಾರೂ ಕರೀಲಿಲ್ಲ. ಲಾಳ್ಯಾಗ ಇಡೋ ಕಂಡಕಿಗೆ ನೂಲು ಸುತಗೋತ ಇಲ್ಲೇ ಮುದುಕಿ ಆದ್ಲು.

ಅಪ್ಪ ಸತ್ತ, ಅವ್ವ ಸತ್ಲು, ನಾನೂ ಅಜ್ಜಿ ಆದೆ. ಕಾಕಿ ಎಂಬತ್ತು ದಾಟಿ ಹಾಸಿಗಿ ಹಿಡದಾಗ ಒಂದ ದಿನ ನನ್ನ ಸೆರಗ ಜಗ್ಗಿ ಅಂದ್ಲು, 'ಶಾಂತವ್ವಾ, ನಾ ಕಣ್ಣ ಮುಚ್ಚೂದ್ರೊಳಗ ಆಂವಗ ಏನಾತು ಅಂತ ತಿಳಕೊಂಡು ಬಾ.' ನನ್ನ ಉಂಡಿ ವಿಷಯ ಆಕಿಗೆ ಗೊತ್ತಿತ್ತೋ ಇಲ್ಲೋ, ಎಂದೂ ಆಡಿ ತೋರಿಸಲಿಲ್ಲ. ನಾನು ಹೊಂಟೆ. ಜಮಖಂಡಿ ಕಚೇರ್ಯಾಗ 'ಸಂಸ್ಥಾನದ ಕಾಲದ್ದು ಯಾರ ಇಟ್ಟಾರಬೇ ಅಜ್ಜಿ' ಅಂದ್ರು. ಮುಧೋಳದಾಗ ಒಬ್ಬರು ರಿಟೈರ್ಡ್ ಸುಭೇದಾರ್ರು ಇದ್ರು, ಭಾಳ ಸಂಭಾವಿತ ಮನಷ್ಯಾ, ಅವರು ನನ್ನ ಸಲುವಾಗಿ ದಿಲ್ಲಿಗೆ ಇಂಗ್ಲೀಷ್ನ್ಯಾಗ ಪತ್ರ ಬರದ್ರು. ಬರದ್ರು, ಮತ್ತ ಬರದ್ರು, ಎರಡು ವರ್ಷ ಹೋತು. ಕಡೀಕ ದಪ್ಪ ಲಕೋಟಿ ಬಂತು. ಬಸ್ಸು ಹತ್ತಿ ಮುಧೋಳಕ್ಕ ಹೋದೆ.

ಇಮಾನ ನಡಸಿದಾಂವ ಪುಣೆ ಕಡ್ಯಾಂವಂತ, ಅಂವ ಜೀವಂತ ತಿರುಗಿ ಬಂದಿದ್ದ. ಯುದ್ಧ ಮುಗದ ಮ್ಯಾಲ ಹೇಳಿಕಿ ಕೊಟ್ಟಿದ್ದ, ಅದು ಫೈಲಿನ್ಯಾಗ ಹಂಗ ಬಿದ್ದಿತ್ತು. ಮನಿಯವರು ಕೇಳಿದ್ರ ಆವಾಗ ಕೊಡತಿದ್ರಂತ. ಯಾರ ಕೇಳಬೇಕು, ನಾವು ತಿಥಿ ಮಾಡಿ ಕುಂತಿದ್ವಿ. ಸುಭೇದಾರ್ರು ಒಂದೊಂದ ಸಾಲು ಓದಿ ಕನ್ನಡದಾಗ ಹೇಳಿದ್ರು. ಇಮಾನ ಉರಕೋತ ಬಂದು ಗದ್ದ್ಯಾಗ ಬಿತ್ತು. ಕಾಕಾನ ಎರಡೂ ಕೈ ಸುಟ್ಟು ತೊಗಲು ಜೋತಿತ್ತು, ಆ ಕೈಲೇ ಪುಣೆಯಾಂವನ್ನ ಹೊರಗ ಎಳದ. ಜಪಾನಿನವರು ಹಿಡದು ಜೈಲಿಗೆ ಹಾಕಿದ್ರು. ಎಲ್ಲಿಂದ ಹಾರಿ ಬಂದ್ರಿ, ಇನ್ನ ಎಷ್ಟು ಇಮಾನ ಅದಾವು, ಅಂತ ದಿನಾ ಬಿದರ ಬಡಿಗಿಲೆ ಹೊಡತ. ಇಷ್ಟು ಓದಿ ಅವರು ಕನ್ನಡಕ ತಗದ್ರು. 'ಬಾಯಾರ, ಮುಂದಿಂದು ಓದ್ಲೇನ್ರಿ?' ಅಂದ್ರು. 'ಓದ್ರಿ ಸಾಹೇಬ್ರ, ಹೊಡತ ನೋಡಿ ಬೆಳದಾಕಿ ನಾನು' ಅಂದೆ. ಪುಣೆಯಾಂವಗ ಜ್ವರಾ ಬಂದು ಏಳಾಕ ಆಗದಾಗ, ಅವಂಗ ಏನೂ ಗೊತ್ತಿಲ್ಲ, ನನ್ನ ಕೇಳ್ರಿ ಅಂತ ಕಾಕಾ ಮುಂದ ಹ್ವಾದ. ಬಡಿಗಿ ಮುರದ ಮ್ಯಾಲ ಬೂಟಿಲೆ ತುಳದ್ರು. ಪಕ್ಕಡಿ ಎಲುವು ಮುರದು ಎರಡು ದಿನ ರಕ್ತ ಕಾರಿ ಹ್ವಾದ. ದೀಪಾವಳಿಗೆ ಎರಡು ದಿನ ಇತ್ತು ಅಂತ ಪುಣೆಯಾಂವನ ಹೇಳ್ಯಾನ.

ತಿಳೀತಲ್ಲ? ಪಂಚಮಿಗೆ ನಾವು ಆಕಿ ಬಳಿ ಒಡದಾಗ ಅಂವ ಇದ್ದ. ಮೂರು ತಿಂಗಳು ಇದ್ದ. ಅಲ್ಲಿ ಆಂವನ್ನ ಹೊಡ್ಯಾಕತ್ತಿದ್ರು, ಇಲ್ಲಿ ನಾವು ಈಕಿನ್ನ ಹೊಡ್ಯಾಕತ್ತಿದ್ವಿ. ತಿರುಗಿ ಬಸ್ಸು ಹತ್ತಿದೆ. ಮುದುಕಿಗೆ ಇದನ್ನ ಹ್ಯಾಂಗ ಹೇಳೋದು, ಬಿದ್ದ ಕೂಡ್ಲೆ ಸತ್ತ, ತ್ರಾಸ ಆಗಲಿಲ್ಲ ಅಂತ ಹೇಳಿಬಿಡೂಣು ಅಂತ ದಾರಿ ತುಂಬಾ ಬಾಯಿಪಾಠ ಮಾಡಿಕೊಂಡು ಬಂದೆ. ಆಕಿ ನನ್ನ ಮಾರಿ ನೋಡಿ, 'ಸುಳ್ಳು ಹೇಳಬ್ಯಾಡ' ಅಂದ್ಲು. ಎಲ್ಲಾ ಹೇಳಿದೆ. ಸುಟ್ಟ ಕೈ, ಬಡಿಗಿ, ಬೂಟು, ಎಲ್ಲಾ. ಉಂಡಿನೂ ಹೇಳಿದೆ. ಆಕಿ ಉಂಡಿ ಮಾತು ಕಿವಿಗೇ ಹಾಕ್ಕೊಳ್ಳಲಿಲ್ಲ. 'ದೀಪಾವಳಿತನಕ ಇದ್ನಾ?' ಅಂದ್ಲು. 'ಇದ್ದ' ಅಂದೆ. ಎದ್ದು ಕುಂಡ್ರಾಕ ಬರಲಾರದಾಕಿ ಎದ್ದು ಕುಂತು ನನ್ನ ಕಪಾಳಕ್ಕ ಹೊಡದ್ಲು, ಕನ್ನಡಕ ಹಾರಿ ದೂರ ಬಿತ್ತು. 'ಇಷ್ಟು ವರ್ಷ ಬಾಯಿಲೆ ಹೇಳಿದೆ, ಒಬ್ಬರೂ ನಂಬಲಿಲ್ಲ. ಈಗ ದಿಲ್ಲಿ ಕಾಗದ ತಂದು ನನಗ ಹೇಳಾಕ ಬಂದ್ಯಾ?' ಅಂದ್ಲು. ಆಮ್ಯಾಲ ಅತ್ಲು. ಗಂಡ ಸತ್ತಾನಂತ ಆಕಿ ಅತ್ತದ್ದು ಅದ ಮೊದಲು. ನಾವು ಅಳಾಕೂ ಬಿಟ್ಟಿದ್ದಿಲ್ಲ ನೋಡ್ರಿ, ಅತ್ರ ಸತ್ತಾನಂತ ಒಪ್ಪಿಕೊಂಡಂಗ ಆಕ್ಕಿತ್ತಲ್ಲ ಆಕಿಗೆ. ಅದಕ್ಕ ಹೇಳತೇನಿ, ಮನಿ ಹೆಣ್ಣಮಗಳು ಒಂದ ಮಾತು ಹೇಳಿದ್ರ ಕುಂತು ಕೇಳ್ರಿ. ನಂಬಾಕ ಆಗಲಿಲ್ಲಂದ್ರ ಸುಮ್ಮನ ಇರ್ರಿ, ಕೈ ಎತ್ತಬ್ಯಾಡ್ರಿ. ಏಳ್ರಿ ಇನ್ನ, ಒಳಗ ರೊಟ್ಟಿ ಆರಾಕತ್ತಾವು.