ಜಲಪಾತದ ಸದ್ದಿನಲ್ಲಿ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಬೋರ್ಡು ಬರೆಯುವವನೊಬ್ಬ ತನ್ನ ಅಕ್ಕನ ಜೊತೆ ಕೂತಿದ್ದ. ಅವನ ತೊಡೆಯ ಮೇಲೆ ಹೊಸ ತಗಡಿನ ಬೋರ್ಡು: ‘ಜಲಪಾತಕ್ಕೆ ದಾರಿ’.

“ನಾಳೆ ಇದನ್ನ ನೆಟ್ಟರೆ ಲೋಕವೆಲ್ಲ ಅಲ್ಲಿಗೆ ಬರುತ್ತೆ, ಅಲ್ವೇನೋ?”

“ಬರಲಿ ಅಂತಾನೇ ಬರೆಸಿರೋದು. ಅದ್ಸರಿ ಅಕ್ಕ, ದಾರಿನೇ ಇಲ್ಲದ ಕಾಡಲ್ಲಿ ನೀವು ಹೆಂಗಸರು ಅಷ್ಟು ದೂರ ಹೋಗ್ತಿದ್ರಲ್ಲ, ಸ್ನಾನಕ್ಕಾ?”

“ಸ್ನಾನಕ್ಕೆ ಮನೇಲಿ ನೀರಿರಲಿಲ್ವಾ? ಬೈಯೋಕೆ ಹೋಗ್ತಿದ್ವಿ.”

“ಯಾರನ್ನ?”

“ಅತ್ತೆ, ಮಾವ, ಗಂಡ, ಯಾರನ್ನೂ ಬಿಡ್ತಿರಲಿಲ್ಲ. ನೀರಿನ ಸದ್ದಿಗೆ ಪಕ್ಕದವಳಿಗೂ ಕೇಳಿಸ್ತಿರಲಿಲ್ಲ. ಮನೇಲಿ ನುಂಗಿಕೊಂಡಿದ್ದನ್ನೆಲ್ಲ ಅಲ್ಲಿ ಬಾಯ್ತುಂಬ ಕೂಗಿ ಬರೋರು.”

“ಅಮ್ಮನೂನಾ?”

“ಅಮ್ಮನೇ ನನ್ನ ಕರ್ಕೊಂಡು ಹೋಗಿದ್ದು. ಗಂಡನಿಗೆ ಎದುರಾಡದ ಸಾಧ್ವಿ ಅಂತ ಊರೇ ಹೊಗಳ್ತಿತ್ತಲ್ಲ!”

ತಮ್ಮ ನಗಲೋ ಬೇಡವೋ ಎಂಬಂತೆ ನೋಡಿದ.

“ನೀನು ಭಾವನ್ನ ಬೈದಿದ್ದೀಯಾ?”

“ಮದುವೆಯಾದ ಮೇಲೆ ಅವರು ಅಲ್ಲಿಗೆ ಹೋಗೋಕೆ ಬಿಟ್ಟಿದ್ರೆ ತಾನೆ? ಎಲ್ಲಾ ಹೊಟ್ಟೇಲೇ ಇದೆ. ಬೋರ್ಡು ಒಂದು ದಿನ ತಡವಾಗಿ ನೆಡೋ. ನಾಳೆ ನಾನು ಹೋಗಿ ಬರ್ತೀನಿ.”

“ಕಂಟ್ರಾಕ್ಟರ್ ಬೈತಾನೆ, ಅಕ್ಕ.”

“ನೀನೂ ಬಾ. ಅವನನ್ನ ಅಲ್ಲೇ ಬೈಯುವಿಯಂತೆ.”

ಬಸ್ಸು ನಿಂತಿತು. ಅವನು ಅಕ್ಷರ ಕಾಣದಂತೆ ಬೋರ್ಡನ್ನು ಮೈಗೆ ಒತ್ತಿ ಹಿಡಿದು, ಅಕ್ಕನ ಹಿಂದೆ ಇಳಿದ.