ರಸ್ತೆಯ ಕಡೆ ಮಲಗುವವಳು

ನಮ್ಮ ಸಿಯಾಲ್ದಾ ರೈಲು ನಿಲ್ದಾಣದ ಹೊರಗಿನ ಕೈಪಂಪಿನ ಸಾಲಿನಲ್ಲಿ, ನನ್ನ ಮುಂದೆ ಫುಟ್‌ಪಾತಿನಲ್ಲೇ ಹುಟ್ಟಿ ಬೆಳೆದ ಹುಡುಗಿ ಟುಂಪಾ ನಿಂತಿದ್ದಳು. ಪಕ್ಕದಲ್ಲಿ, ಅವಳ ಮನೆಯವರ ಬಗ್ಗೆ ಪುಸ್ತಕ ಬರೆಯುತ್ತಿರುವ ಮಧುಶ್ರೀ. ಬರೆದದ್ದನ್ನು ಆಕೆ ಆಗಷ್ಟೇ ಓದಿ ಹೇಳಿದ್ದರು.

“ದೀದಿ, ಆ ಮಾತು ತೆಗೀರಿ.”

“ಯಾವ ಮಾತು ಕಣೆ?”

“ಮಕ್ಕಳು ಕೇಳೋರಿಲ್ದೆ ಎಲ್ಲೆಂದ್ರಲ್ಲಿ ಬಿದ್ಕೊಂಡಿರ್ತಾರೆ ಅನ್ನೋದು.”

“ನಾನೇ ಕಣ್ಣಾರೆ ನೋಡಿದೀನಲ್ಲ.”

“ಅರ್ಧ ನೋಡಿದೀರಿ. ಗೋಡೆ ಕಡೆ ನಾನು, ನಡುವೆ ತಮ್ಮ, ರಸ್ತೆ ಕಡೆ ಅಮ್ಮ. ಇಲ್ಲಿ ಎಲ್ಲಾ ಮನೆಯೋರೂ ಹಿಂಗೇ ಮಲಗೋದು. ಗಾಡಿ ನುಗ್ಗಿದ್ರೆ ಮೊದಲು ಅಮ್ಮನ್ನ ದಾಟ್ಬೇಕು.”

“ಓದೋರಿಗೆ ಮರುಕ ಹುಟ್ಲಿ ಅಂತ ಬರೆದೆ ಕಣೆ.”

“ಮರುಕ ಹುಟ್ಟಿದೋರೇ ಹೋದ ವರ್ಷ ವ್ಯಾನ್ ತಂದು, ನಮ್ಮ ಪಕ್ಕದಲ್ಲೇ ಮಲಗ್ತಿದ್ದ ಪಿಂಕೀನ ಅವಳಮ್ಮನ ಕೈಯಿಂದ ಕಿತ್ಕೊಂಡು ಅನಾಥಾಶ್ರಮಕ್ಕೆ ಹಾಕಿದ್ರು. ನನ್ನೂ ಕಳಿಸ್ತೀರಾ?”

ಮಧುಶ್ರೀ ಕೈಯಲ್ಲಿದ್ದ ಹಾಳೆಯನ್ನು ಮತ್ತೆ ಬಿಡಿಸಿದರು.

“ಮತ್ತೇನು ಬರೀಲಿ?”

“ಬಡವರು ಅಂತ ಬರೀರಿ, ಹೌದು. ಮನೆ ಇಲ್ಲ ಅಂತ ಬರೀರಿ, ಅದೂ ನಿಜ. ಕೇಳೋರಿಲ್ಲ ಅಂತ ಮಾತ್ರ ಬರೀಬೇಡಿ.”

“ಒಂದಿನ ನಿಮ್ಜೊತೆ ಬಂದು ಮಲಗಿ ನೋಡ್ಲಾ?”

“ಬನ್ನಿ. ದೊಡ್ಡೋರಲ್ವಾ, ನೀವೂ ರಸ್ತೆ ಕಡೆಗೇ.”

ಕೊಡ ತುಂಬಿತು. ಟುಂಪಾ ಅದನ್ನು ಸೊಂಟಕ್ಕೇರಿಸಿ ನಡೆದಳು. ಮಧುಶ್ರೀ ಪೆನ್ನು ತೆಗೆದು, ಹಾಳೆಯಲ್ಲಿದ್ದ ಆ ಮಾತನ್ನು ಹೊಡೆದುಹಾಕುತ್ತ ಅವಳ ಹಿಂದೆ ಹೋದರು.